ಇದು ಜಾತಕ ಅಲ್ಲ, ಲೆಕ್ಕ

ಭಾನುವಾರ ಬೆಳಿಗ್ಗೆ ಹಳೇ ಸಹೋದ್ಯೋಗಿಗಳ ಫೋನ್ ಬಂತು ಅಂದ್ರೆ ಈಗೀಗ ವಿಷಯ ಹೆಚ್ಚುಕಮ್ಮಿ ಒಂದೇ. "ಕೆನಡಾಗೆ ನಂದು ಎಷ್ಟು ಬರುತ್ತೆ, ಸ್ವಲ್ಪ ನೋಡಿ ಹೇಳ್ತೀಯಾ?" ಹುಟ್ಟಿದ ತಾರೀಖು ಹೇಳ್ತಾರೆ, ಓದು ಹೇಳ್ತಾರೆ, ಮದುವೆ ಆಗಿದೆಯೋ ಇಲ್ವೋ ಹೇಳ್ತಾರೆ. ಆಮೇಲೆ ಉಸಿರು ಬಿಗಿಹಿಡಿದು ಕಾಯ್ತಾರೆ. ನಮ್ಮಜ್ಜಿ ಜೋಯಿಸರ ಮುಂದೆ ಪಂಚಾಂಗ ನೋಡ್ತಾ ಕೂತಿದ್ದದ್ದು ನೆನಪಾಗುತ್ತೆ. ನಂಬರ್ ಹೇಳಿದ ತಕ್ಷಣ ಎರಡೇ ಬಗೆಯ ಉತ್ತರ. ಒಂದು, "ಬಿಡು ಮಾರಾಯ, ನನ್ನ ಹಣೇಲಿ ಬರೆದಿಲ್ಲ." ಇನ್ನೊಂದು, "ಏನಾದ್ರೂ ಪರಿಹಾರ ಇದೆಯಾ? ಒಳ್ಳೇ ಕನ್ಸಲ್ಟೆಂಟ್ ಯಾರಾದ್ರೂ ಗೊತ್ತಾ?"

ಹಣೆಬರಹ, ಇಲ್ಲಾಂದ್ರೆ ಶಾಂತಿ ಹೋಮ. ದಿನವಿಡೀ ಎಕ್ಸೆಲ್ ಶೀಟಿನಲ್ಲಿ ಬೇರೆಯವರ ಲೆಕ್ಕ ತಿದ್ದೋ ಜನ ನಾವು. ಸಾವಿರ ಸಾಲಿನ ಕೋಡಿನಲ್ಲಿ ತಪ್ಪಿರೋ ಒಂದು ಕಾಮಾ ಹುಡುಕಿ ತೆಗೀತೀವಿ. ಆದರೆ ನಮ್ಮದೇ ಬದುಕಿನ ಲೆಕ್ಕ ಬಂದಾಗ ಕಣ್ಣು ಮುಚ್ಚಿ ಕೈ ಮುಗಿದು ದಕ್ಷಿಣೆ ಇಡ್ತೀವಿ. ಇದರ ಬಗ್ಗೆ ನನಗೆ ಸಿಟ್ಟಿದೆ. ಆ ಸಿಟ್ಟಿನ ಮೊದಲ ಪಾಲು ನನ್ನ ಮೇಲೇ, ಯಾಕಂದ್ರೆ ನಾನೂ ದಕ್ಷಿಣೆ ಇಟ್ಟವನೇ.

ಮೊದಲು ಈ ನಂಬರ್ ಏನು ಅನ್ನೋದನ್ನ ನೋಡೋಣ.

1914ರಲ್ಲಿ ಕೊಮಗಾಟ ಮಾರು ಅನ್ನೋ ಹಡಗು ವ್ಯಾಂಕೂವರ್ ಬಂದರಿಗೆ ಹೋಯ್ತು. ಅದರಲ್ಲಿದ್ದ 376 ಪ್ರಯಾಣಿಕರಲ್ಲಿ ಹೆಚ್ಚಿನವರು ಪಂಜಾಬಿನವರು. ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ, ಬೆರಳೆಣಿಕೆಯ ಜನರನ್ನ ಬಿಟ್ಟು ಉಳಿದವರನ್ನೆಲ್ಲ ಹಡಗಿನ ಸಮೇತ ವಾಪಸ್ ಕಳಿಸಿದರು. ಅವರಲ್ಲಿ ಯಾರು ಓದಿದ್ದಾರೆ, ಯಾರಿಗೆ ಯಾವ ಕಸುಬು ಗೊತ್ತು ಅಂತ ಯಾರೂ ಕೇಳಲಿಲ್ಲ. ಯಾವ ದೇಶದವರು, ಯಾವ ಬಣ್ಣದವರು ಅನ್ನೋದೇ ಲೆಕ್ಕ. ಅದೇ ಕೆನಡಾ 1967ರಲ್ಲಿ ಪಾಯಿಂಟ್ ಪದ್ಧತಿ ತಂದಿತು. ವಯಸ್ಸಿಗಿಷ್ಟು, ಓದಿಗಿಷ್ಟು, ಭಾಷೆಗಿಷ್ಟು, ಕಸುಬಿಗಿಷ್ಟು. ಹುಟ್ಟಿದ ದೇಶಕ್ಕೆ ಸೊನ್ನೆ, ಕೂಡೋದೂ ಇಲ್ಲ, ಕಳೆಯೋದೂ ಇಲ್ಲ. ಅಮೆರಿಕದ ಗ್ರೀನ್ ಕಾರ್ಡ್ ಸಾಲಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರೋದ್ರಿಂದ ನಮ್ಮ ಎಷ್ಟು ಜನ ಕೂದಲು ನರೆಯೋ ತನಕ ನಿಂತಿದ್ದಾರೆ ನೋಡಿ, ಆಗ ಈ ಸೊನ್ನೆಯ ಬೆಲೆ ಗೊತ್ತಾಗುತ್ತೆ.

ಈಗಿರೋದು 2015ರ ಜನವರಿಯಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿ. ಅರ್ಹತೆ ಇರೋರೆಲ್ಲ ಒಂದು ಕೊಳಕ್ಕೆ ಇಳೀತಾರೆ. ಪ್ರತಿಯೊಬ್ಬರಿಗೂ 1200ಕ್ಕೆ ಇಷ್ಟು ಅಂತ ಸಿಆರ್‌ಎಸ್ ಪಾಯಿಂಟು. ಆಗಾಗ ಡ್ರಾ ನಡೆಯುತ್ತೆ, ಕಟ್‌ಆಫ್‌ಗಿಂತ ಮೇಲಿರೋರಿಗೆ ಕರೆ ಬರುತ್ತೆ, ಕರೆ ಬಂದವರು 60 ದಿನದೊಳಗೆ ಪೂರ್ತಿ ಅರ್ಜಿ ಹಾಕಬೇಕು. ಅಷ್ಟೇ. ಯಾವುದಕ್ಕೆ ಎಷ್ಟು ಪಾಯಿಂಟು ಅನ್ನೋ ಕೋಷ್ಟಕ ಕೆನಡಾ ಸರ್ಕಾರದ ವೆಬ್‌ಸೈಟಿನಲ್ಲಿ ಬಹಿರಂಗವಾಗಿದೆ. ಲೆಕ್ಕ ಹಾಕೋ ಸಾಧನವೂ ಅಲ್ಲೇ ಇದೆ, ಪುಕ್ಕಟೆ.

ಸಿಇಟಿ ರ‍್ಯಾಂಕ್ ನೋಡ್ಕೊಂಡು ಬೆಳೆದ ನಮಗೆ ಈ ನಂಬರ್ ಕಂಡ ಕೂಡಲೇ ಅದು ನಮ್ಮ ಯೋಗ್ಯತೆ ಅನ್ನಿಸಿಬಿಡುತ್ತೆ. ಹಾಗಲ್ಲ. 2017ರ ಮೇ ಕೊನೆಯಲ್ಲಿ ಕಟ್‌ಆಫ್ 413 ಇತ್ತು. 2021ರ ಫೆಬ್ರವರಿಯಲ್ಲಿ, ಕೋವಿಡ್‌ನಿಂದ ಗಡಿ ಮುಚ್ಚಿದ್ದಾಗ, ಕೆನಡಾದಲ್ಲಿ ಕೆಲಸ ಮಾಡಿದ ಅನುಭವ ಇದ್ದವರಿಗೆ ಅಂತ ನಡೆಸಿದ ಒಂದು ಡ್ರಾದಲ್ಲಿ ಕಟ್‌ಆಫ್ 75ಕ್ಕೆ ಇಳಿದು, ಒಂದೇ ದಿನ 27,332 ಜನರಿಗೆ ಕರೆ ಹೋಯ್ತು. ಎಪ್ಪತ್ತೈದು! 2024ರ ಏಪ್ರಿಲ್‌ನಲ್ಲಿ ನೋಡಿದ್ರೆ 549. ಏಳು ವರ್ಷದಲ್ಲಿ ಮನುಷ್ಯರ ಬುದ್ಧಿ 136 ಪಾಯಿಂಟು ಏರಿತಾ? ಇಲ್ಲ. ಆ ವರ್ಷ ಆ ದೇಶಕ್ಕೆ ಎಷ್ಟು ಜನ ಬೇಕು, ಎಂಥವರು ಬೇಕು ಅನ್ನೋದು ಬದಲಾಯ್ತು. 2024ಕ್ಕೆ 4,85,000 ಇದ್ದ ಕಾಯಂ ನಿವಾಸಿಗಳ ಗುರಿಯನ್ನ 2025ಕ್ಕೆ 3,95,000ಕ್ಕೆ ಇಳಿಸಿದರು. ಇದರಲ್ಲಿ ನಿಮ್ಮ ಯೋಗ್ಯತೆಯ ಮಾತೆಲ್ಲಿ ಬಂತು?

ಆದ್ದರಿಂದ ನನ್ನ ಮೊದಲ ಜಗಳ "ಹಣೇಲಿ ಬರೆದಿಲ್ಲ" ಅನ್ನೋರ ಜೊತೆ. ಕಟ್‌ಆಫ್ ನಿಮ್ಮ ಕೈಲಿಲ್ಲ, ನಿಜ. ಆದರೆ ನಿಮ್ಮ ನಂಬರಿನ ದೊಡ್ಡ ಪಾಲು ನಿಮ್ಮ ಕೈಲೇ ಇದೆ. ಜಾತಕದಲ್ಲಿ ಹುಟ್ಟಿದ ಗಳಿಗೆ ಬದಲಾಯಿಸೋಕಾಗಲ್ಲ. ಇಲ್ಲಿ ಹುಟ್ಟಿದ ತಾರೀಖು ಒಂದು ಬಿಟ್ಟು ಮಿಕ್ಕ ಮನೆಗಳನ್ನೆಲ್ಲ ಅಷ್ಟಿಷ್ಟು ಬದಲಾಯಿಸಬಹುದು.

ಎರಡನೇ ಜಗಳ ದಕ್ಷಿಣೆಯದು. ನನ್ನ ಕಥೆ ಕೇಳಿ.

ಆಗ ನನಗೆ 29. ಬಿಇ, ಆರು ವರ್ಷ ದಾಟಿದ ಕೆಲಸ, ಮದುವೆ ಇಲ್ಲ. ನಗರದ ಒಂದು ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಕಚೇರಿ. ಗೋಡೆ ಮೇಲೆ ಮೇಪಲ್ ಎಲೆ, ನಗುತ್ತಿರೋ ಕುಟುಂಬಗಳ ಫೋಟೋ. ಎದುರಿಗಿದ್ದವರು ಒಂದು ಹಾಳೆ ತುಂಬಿಸಿ, ಕೂಡಿಸಿ, ಕೈ ಕುಲುಕಿದರು. "ಕಂಗ್ರಾಟ್ಸ್ ಸರ್, ನೀವು ಎಲಿಜಿಬಲ್. 100ಕ್ಕೆ 71! ಬೇಕಾಗಿರೋದು 67 ಅಷ್ಟೇ."

ನಾನು ಉಬ್ಬಿಹೋದೆ. ಫಸ್ಟ್ ಕ್ಲಾಸ್ ಅಲ್ವಾ! ಅಂದೇ ಮೊದಲ ಕಂತು ಕಟ್ಟಿದೆ.

ಆ 67 ಬರೀ ಗೇಟು. ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನೋ ವಿಭಾಗದಲ್ಲಿ ಕೊಳಕ್ಕೆ ಇಳಿಯೋಕೆ ಬೇಕಾದ ಕನಿಷ್ಠ ಅಂಕ ಅದು. ಕೊಳದೊಳಗೆ ಪೈಪೋಟಿ ನಡೆಯೋದು ಸಿಆರ್‌ಎಸ್ ಅನ್ನೋ ಬೇರೆಯದೇ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ನನ್ನದು 384. ಈ ವಿಷಯ ನನಗೆ ಗೊತ್ತಾಗಿದ್ದು ಎರಡನೇ ಕಂತು ಕಟ್ಟಿದ ಮೇಲೆ. ಗಾಬರಿಯಾಗಿ ಕೇಳಿದ್ದಕ್ಕೆ, "ಟೆನ್ಷನ್ ತಗೋಬೇಡಿ ಸರ್, 384 ಸಾಕು. ಪಿಎನ್‌ಪಿ ಮಾಡಿಸ್ತೀವಿ, 600 ಗ್ಯಾರಂಟಿ" ಅಂದ್ರು. ಪಿಎನ್‌ಪಿ ಅಂದ್ರೆ ಯಾವುದಾದ್ರೂ ಒಂದು ಪ್ರಾಂತ್ಯ ನಿಮ್ಮನ್ನ ನಾಮನಿರ್ದೇಶನ ಮಾಡೋದು. ಮಾಡಿದ್ರೆ 600 ಪಾಯಿಂಟು ಸಿಗೋದು ನಿಜ. ಆದರೆ ಅದನ್ನ ಕೊಡೋದು ಆ ಪ್ರಾಂತ್ಯದ ಸರ್ಕಾರ, ತನಗೆ ಬೇಕಾದ ಕಸುಬಿನವರಿಗೆ, ತನ್ನ ಕೋಟಾದೊಳಗೆ. ಬೆಂಗಳೂರಿನ ಗಾಜಿನ ಬಾಗಿಲಿನ ಹಿಂದೆ ಕೂತವರು ಅದರ ಗ್ಯಾರಂಟಿ ಕೊಡೋದು ಹೇಗೆ? ಇದನ್ನ ನಾನು ಕೇಳಲಿಲ್ಲ. ಒಂದು ವರ್ಷ ಕಾದೆ. ಎಕ್ಸ್‌ಪ್ರೆಸ್ ಎಂಟ್ರಿ ಪ್ರೊಫೈಲಿನ ಆಯಸ್ಸು 12 ತಿಂಗಳು, ಅದು ಮುಗೀತು. ಅಷ್ಟರಲ್ಲಿ ನನ್ನ ಹುಟ್ಟುಹಬ್ಬವೂ ಬಂತು.

ಒಂಟಿ ಅರ್ಜಿದಾರರಿಗೆ 20ರಿಂದ 29ರ ತನಕ ವಯಸ್ಸಿಗೆ ಪೂರ್ತಿ 110 ಪಾಯಿಂಟು. 30ಕ್ಕೆ 105. 31ಕ್ಕೆ 99. 35ಕ್ಕೆ 77. 40ಕ್ಕೆ 50. 45ಕ್ಕೆ ಸೊನ್ನೆ. ಅಂದ್ರೆ 29 ದಾಟಿದ ಮೇಲೆ ಪ್ರತಿ ವರ್ಷ ಕೇಕ್ ಕತ್ತರಿಸಿದಾಗ ಐದಾರು ಪಾಯಿಂಟೂ ಕತ್ತರಿಸಿ ಹೋಗುತ್ತೆ, 40 ದಾಟಿದ ಮೇಲೆ ಹನ್ನೊಂದು. "ಮುಂದಿನ ವರ್ಷ ನೋಡೋಣ" ಅನ್ನೋ ಮಾತಿಗೆ ಇಲ್ಲಿ ಬೆಲೆ ಕಟ್ಟಿದ್ದಾರೆ.

ಕೊನೆಗೆ ಒಂದು ರಾತ್ರಿ ನಾನೇ ಆ ಕೋಷ್ಟಕ ತೆಗೆದು ಕೂತೆ. ಆಗ ಕಂಡಿದ್ದು ಇನ್ನೂ ನುಂಗೋಕಾಗಿಲ್ಲ.

ನನ್ನ ಐಇಎಲ್‌ಟಿಎಸ್‌ನಲ್ಲಿ ಓದು, ಬರಹ, ಮಾತು ಮೂರೂ 7. ಲಿಸನಿಂಗ್ 7.5. ಎಲ್ಲದಕ್ಕಿಂತ ಅದರಲ್ಲೇ ಜಾಸ್ತಿ ಬಂದಿದೆ ಅಂತ ಖುಷಿಪಟ್ಟಿದ್ದೆ. ಕೆನಡಾದ ಭಾಷಾ ಅಳತೆಗೋಲು ಸಿಎಲ್‌ಬಿ. ಅದರ 9ನೇ ಮೆಟ್ಟಿಲಿಗೆ ಓದು, ಬರಹ, ಮಾತಿನಲ್ಲಿ 7 ಸಾಕು, ಆದರೆ ಲಿಸನಿಂಗ್‌ನಲ್ಲಿ 8 ಬೇಕು. ನನಗೆ ಕಮ್ಮಿ ಆಗಿದ್ದು ಅರ್ಧ ಬ್ಯಾಂಡು. ಆ ಅರ್ಧ ಬ್ಯಾಂಡಿಗೆ ಭಾಷೆಯ ಲೆಕ್ಕದಲ್ಲಿ ಹೋಗೋದು 8 ಪಾಯಿಂಟು ಮಾತ್ರ. ಆದರೆ ನಾಲ್ಕರಲ್ಲೂ ಸಿಎಲ್‌ಬಿ 9 ಮುಟ್ಟಿದವರಿಗೆ ಓದು ಮತ್ತು ಭಾಷೆ ಸೇರಿಸಿ, ಅನುಭವ ಮತ್ತು ಭಾಷೆ ಸೇರಿಸಿ ಬೋನಸ್ ಇದೆ. ನನ್ನಂಥ ಬಿಇ, ಮೂರು ವರ್ಷಕ್ಕಿಂತ ಹೆಚ್ಚು ಅನುಭವದವರಿಗೆ ಮೊದಲನೇದು 13ರಿಂದ 25ಕ್ಕೆ, ಎರಡನೇದು 25ರಿಂದ 50ಕ್ಕೆ ಏರುತ್ತೆ. ಎಂಟು, ಹನ್ನೆರಡು, ಇಪ್ಪತ್ತೈದು. ಒಟ್ಟು 45. ಅರ್ಧ ಬ್ಯಾಂಡಿಗೆ ನಲವತ್ತೈದು ಪಾಯಿಂಟು! 384 ಅಲ್ಲ, 429 ಆಗ್ತಿತ್ತು.

429 ಬಂದಿದ್ರೂ ಆಗಿನ ಡ್ರಾಗಳಿಗೆ ಸಾಲ್ತಿರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಆದರೆ ಕಂತು ಕಟ್ಟಿಸಿಕೊಂಡವರು ಮೊದಲ ದಿನವೇ ಹೇಳಬೇಕಿದ್ದ ಮಾತು ಒಂದೇ: "ಸರ್, ಮೊದಲು ಪರೀಕ್ಷೆ ಇನ್ನೊಂದ್ಸಲ ಬರೀರಿ." ಅವರು ಹೇಳಲಿಲ್ಲ. ನಾನು ಮನೇಲಿ ಕೂತು ಲಿಸನಿಂಗ್ ಅಭ್ಯಾಸ ಮಾಡಿದ್ರೆ ಅವರಿಗೇನು ಸಿಗುತ್ತೆ? ನಿಮ್ಮ ನಂಬರ್ ನಿಜವಾಗಿ ಏರಿಸೋ ದಾರಿಗಳೆಲ್ಲ ನಿಮ್ಮ ಬೆವರು ಕೇಳುತ್ವೆ. ಬೆವರಿಗೆ ಕಮಿಷನ್ ಇಲ್ಲ. ಹಾಗಾಗಿ ಅವರು ಮಾರೋದು ಬೆವರು ಬೇಡದ ದಾರಿ, ಅಂದ್ರೆ ಬರೀ ಭರವಸೆ.

ಹಾಗಾದ್ರೆ ಏರಿಸೋದು ಹೇಗೆ? ಒಂದೊಂದಾಗಿ ಹೇಳ್ತೀನಿ. ಯಾವುದೂ ಗುಟ್ಟಲ್ಲ.

ಭಾಷೆ. "ಹತ್ತು ವರ್ಷದಿಂದ ಕ್ಲೈಂಟ್ ಕಾಲ್‌ನಲ್ಲಿ ಇಂಗ್ಲಿಷ್ ಮಾತಾಡ್ತಿದ್ದೀನಿ, ನನಗೇನ್ ಪರೀಕ್ಷೆ" ಅನ್ನೋ ಜಂಭ ಮೊದಲು ಬಿಡಿ. ಈ ಪರೀಕ್ಷೆ ನಿಮ್ಮ ಇಂಗ್ಲಿಷನ್ನ ಎಷ್ಟು ಅಳೆಯುತ್ತೋ ಪರೀಕ್ಷೆ ಬರೆಯೋ ಅಭ್ಯಾಸವನ್ನೂ ಅಷ್ಟೇ ಅಳೆಯುತ್ತೆ. ಲಿಸನಿಂಗ್‌ನಲ್ಲಿ ರೆಕಾರ್ಡಿಂಗ್ ಒಂದೇ ಸಲ ಓಡುತ್ತೆ, ಸ್ಪೆಲ್ಲಿಂಗ್ ತಪ್ಪಿದ್ರೆ ಅಂಕ ಇಲ್ಲ. ಬೇಕಾಗಿರೋದು ಐಇಎಲ್‌ಟಿಎಸ್ ಜನರಲ್, ಅಕಾಡೆಮಿಕ್ ಅಲ್ಲ. ತಪ್ಪಿ ಅಕಾಡೆಮಿಕ್ ಬರೆದ್ರೆ ಫೀಸೂ ಹೋಯ್ತು, ದಿನವೂ ಹೋಯ್ತು. ಐಇಎಲ್‌ಟಿಎಸ್ ಒಗ್ಗದಿದ್ರೆ ಸೆಲ್ಪಿಪ್ ಇದೆ, 2024ರಿಂದ ಪಿಟಿಇ ಕೋರ್ ಕೂಡ ನಡೆಯುತ್ತೆ. ಫಲಿತಾಂಶದ ಆಯಸ್ಸು ಎರಡು ವರ್ಷ. ನಾಲ್ಕರಲ್ಲೂ ಸಿಎಲ್‌ಬಿ 9 ಆಗೋ ತನಕ ಬೇರೆ ಯಾವುದಕ್ಕೂ ಒಂದು ರೂಪಾಯಿ ಬಿಚ್ಚಬೇಡಿ.

ಓದು. ನಿಮ್ಮ ಡಿಗ್ರಿ ಕೆನಡಾದ ಯಾವ ಓದಿಗೆ ಸಮ ಅಂತ ಹೇಳೋ ಇಸಿಎ ವರದಿ ಬೇಕು. ಎಷ್ಟೋ ಜನ ಬಿಇ ಒಂದನ್ನೇ ಕಳಿಸಿ, ಕೆಲಸ ಮಾಡ್ತಾ ಮಾಡಿದ ಇನ್ನೊಂದು ಪಿಜಿ ಡಿಪ್ಲೊಮಾನ ಟ್ರಂಕಿನಲ್ಲೇ ಬಿಟ್ಟಿರ್ತಾರೆ. "ಅದು ಕರೆಸ್ಪಾಂಡೆನ್ಸ್ ಕಣೋ, ಯಾರು ಕೇಳ್ತಾರೆ" ಅಂತ. ವರದಿ ಕೊಡೋ ಸಂಸ್ಥೆ ಅದನ್ನೂ ಒಪ್ಪಿದ್ರೆ ಒಂದೇ ಪದವಿಯ 120 ಹೋಗಿ 128 ಆಗುತ್ತೆ. ಸಿಎಲ್‌ಬಿ 9 ಇದ್ರೆ ಜೊತೆಗಿನ ಬೋನಸ್ 25ರಿಂದ 50ಕ್ಕೆ ಏರುತ್ತೆ. ಟ್ರಂಕಿನಲ್ಲಿ 33 ಪಾಯಿಂಟು ಧೂಳು ಹಿಡೀತಾ ಇದೆ. ಸ್ನಾತಕೋತ್ತರ ಪದವಿಯಾದ್ರೆ ಬಿಇಗಿಂತ 40 ಜಾಸ್ತಿ.

ಗಂಡ-ಹೆಂಡತಿ. ಇಲ್ಲಿ ನನ್ನ ಸಿಟ್ಟು ಸ್ವಲ್ಪ ಜಾಸ್ತಿ. ಜೋಡಿಯಾಗಿ ಹೋಗೋರ ಅರ್ಜಿಯಲ್ಲಿ ಮುಖ್ಯ ಅರ್ಜಿದಾರರು ಯಾರು? ಕೇಳೋದೇ ಇಲ್ಲ ನಾವು, ಗಂಡ. ರೇಷನ್ ಕಾರ್ಡಿನ ಯಜಮಾನಿಕೆ ತಂದು ಇಲ್ಲೂ ಕೂರಿಸ್ತೀವಿ. ಒಂದು ಲೆಕ್ಕ ನೋಡಿ. ಗಂಡನಿಗೆ 36, ಬಿಇ, ನನ್ನ ಹಾಗೇ ಲಿಸನಿಂಗ್ ಒಂದರಲ್ಲಿ ಸಿಎಲ್‌ಬಿ 8, ಉಳಿದದ್ದು 9. ಹೆಂಡತಿಗೆ 30, ಎಂಟೆಕ್, ನಾಲ್ಕರಲ್ಲೂ ಸಿಎಲ್‌ಬಿ 9. ಇಬ್ಬರಿಗೂ ಮೂರು ವರ್ಷಕ್ಕಿಂತ ಹೆಚ್ಚು ಅನುಭವ. ಗಂಡ ಮುಖ್ಯ ಅರ್ಜಿದಾರನಾದ್ರೆ 354. ಹೆಂಡತಿ ಆದ್ರೆ 463. ಅದೇ ಮನೆ, ಅದೇ ಇಬ್ಬರು, ಅವೇ ಸರ್ಟಿಫಿಕೇಟುಗಳು. ವ್ಯತ್ಯಾಸ 109 ಪಾಯಿಂಟು. ಅಹಂಕಾರಕ್ಕೆ ಇಷ್ಟು ಖಚಿತವಾಗಿ ಬೆಲೆ ಕಟ್ಟಿದ್ದನ್ನ ನಾನು ಬೇರೆಲ್ಲೂ ನೋಡಿಲ್ಲ. ಎರಡೂ ರೀತಿ ಲೆಕ್ಕ ಹಾಕೋಕೆ ಹತ್ತು ನಿಮಿಷ ಸಾಕು.

ಫ್ರೆಂಚ್. ಇದನ್ನ ಹೇಳಿದ್ರೆ ಎಲ್ಲರೂ ನಗ್ತಾರೆ. "ಈ ವಯಸ್ಸಲ್ಲಿ ಎಬಿಸಿಡಿ ಕಲೀಬೇಕಾ?" ಫ್ರೆಂಚ್ ಕೆನಡಾದ ಎರಡನೇ ಅಧಿಕೃತ ಭಾಷೆ. ಟೆಫ್ ಅಥವಾ ಟಿಸಿಎಫ್ ಪರೀಕ್ಷೆಯಲ್ಲಿ ನಾಲ್ಕೂ ವಿಭಾಗದಲ್ಲಿ 7ನೇ ಮಟ್ಟ ಮುಟ್ಟಿದ್ರೆ, ಇಂಗ್ಲಿಷ್ ಚೆನ್ನಾಗಿರೋ ಒಂಟಿ ಅರ್ಜಿದಾರರಿಗೆ ಎರಡನೇ ಭಾಷೆಯ 12, ಮೇಲೆ 50, ಒಟ್ಟು 62 ಪಾಯಿಂಟು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. 2023ರಿಂದ ಕೆನಡಾ ವರ್ಗವಾರು ಡ್ರಾ ನಡೆಸ್ತಿದೆ. ಆರೋಗ್ಯ ಸೇವೆಯವರಿಗೆ, ಕುಶಲ ಕಸುಬಿನವರಿಗೆ, ಫ್ರೆಂಚ್ ಬಲ್ಲವರಿಗೆ, ಹೀಗೆ. 2024ರ ಮೊದಲ ನಾಲ್ಕು ತಿಂಗಳ ಸಾಮಾನ್ಯ ಡ್ರಾಗಳಲ್ಲಿ ಕಟ್‌ಆಫ್ 524ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅದೇ ಫೆಬ್ರವರಿ ಕೊನೆಯಲ್ಲಿ ನಡೆದ ಫ್ರೆಂಚ್ ಡ್ರಾದ ಕಟ್‌ಆಫ್ 336. 2025ರ ಮಾರ್ಚ್‌ನಲ್ಲಿ 379. ಗಾಜಿನ ಬಾಗಿಲಿನವರು "ಸಾಕು" ಅಂದ 384 ನಿಜವಾಗಿ ಸಾಕಾಗ್ತಿದ್ದದ್ದು ಇಲ್ಲಿ ಮಾತ್ರ, ಅದೂ ಫ್ರೆಂಚ್ ಬಂದಿದ್ರೆ.

ಸುಲಭ ಅಂತ ಹೇಳ್ತಿಲ್ಲ. ಆ ಮಟ್ಟ ಅಂದ್ರೆ ಯುರೋಪಿನ ಅಳತೆಯ ಬಿ2ಗೆ ಹತ್ತಿರ. ಮೂರು ತಿಂಗಳ ಕ್ರ್ಯಾಶ್ ಕೋರ್ಸಿಗೆ ಸಿಗೋದಲ್ಲ. ಆದರೆ ನಾವು ಬೆಂಗಳೂರಿನವರು ಸ್ವಾಮೀ. ಮನೇಲಿ ಕನ್ನಡ, ಪಕ್ಕದ ಮನೇಲಿ ತಮಿಳು, ಮಾರ್ಕೆಟ್ಟಲ್ಲಿ ತೆಲುಗು, ಕ್ಯಾಬಲ್ಲಿ ಹಿಂದಿ, ಆಫೀಸಲ್ಲಿ ಇಂಗ್ಲಿಷ್ ಅಂತ ಐದು ಭಾಷೆಯಲ್ಲಿ ಜಗಳ ಆಡೋ ಜನ. ಆರನೇದು ಕಲಿಯೋಕೆ ತಲೆ ಸಾಲದು ಅಂತ ಯಾರು ಹೇಳಿದ್ರು?

ಕಾಗದ. ಇದರಲ್ಲಿ ಪಾಯಿಂಟು ಏರಲ್ಲ, ಏರಿದ ಪಾಯಿಂಟು ಉಳಿಯುತ್ತೆ. ಕಂಪನಿ ಬಿಡುವಾಗ ನಮ್ಮ ಎಚ್‌ಆರ್ ಕೊಡೋದು ಒಂದು ರಿಲೀವಿಂಗ್ ಲೆಟರ್. ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಶುಭವಾಗಲಿ. ಕೆನಡಾ ಕೇಳೋದು ನೀವು ಮಾಡಿದ ಕೆಲಸದ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು. ಆ ವಿವರ ಅವರ ಎನ್‌ಒಸಿ ಪಟ್ಟಿಯಲ್ಲಿ ನೀವು ಆರಿಸಿದ ಕಸುಬಿಗೆ ಹೊಂದಬೇಕು. ಹುದ್ದೆಯ ಹೆಸರು ದೊಡ್ಡದಿದ್ರೆ ಸಾಲದು. 60 ದಿನದ ಗಡುವಿನಲ್ಲಿ ಐದು ವರ್ಷದ ಹಿಂದಿನ ಮ್ಯಾನೇಜರ್‌ನ ಹುಡುಕ್ತಾ ಅಲೆಯೋದಕ್ಕಿಂತ, ಕೆಲಸ ಬಿಡೋ ವಾರವೇ ಆ ಪತ್ರ ಮಾಡಿಸಿಟ್ಟುಕೊಳ್ಳಿ. ಕೆನಡಾಗೆ ಹೋಗೋ ಯೋಚನೆ ಇಲ್ದೇ ಇದ್ರೂ ಸರಿ.

ಈಗ ಏರಿಸಬಾರದ ರೀತಿ.

ನನ್ನ ಗೆಳೆಯನೊಬ್ಬನಿಗೆ ಎರಡು ವರ್ಷದ ಅನುಭವ ಇತ್ತು. ಮೂರು ಇದ್ದಿದ್ರೆ ಅವನಿಗೆ 25 ಪಾಯಿಂಟು ಜಾಸ್ತಿ. "ಅದೊಂದು ಲೆಟರ್ ಅಡ್ಜಸ್ಟ್ ಮಾಡ್ತೀವಿ ಸರ್, ಎಲ್ಲರೂ ಮಾಡಿಸ್ತಾರೆ" ಅಂದ್ರು ಅವನ ಕನ್ಸಲ್ಟೆಂಟ್. ಇವನೂ ಹೂಂ ಅಂದ. ಅವನು ಎಂದೂ ಕಾಲಿಡದ ಕಂಪನಿಯ ಅನುಭವ ಪತ್ರ ಬಂತು. ಕರೆಯೂ ಬಂತು. ಪಾರ್ಟಿಗೆ ನಾನೂ ಹೋಗಿದ್ದೆ. ಕೆಲವು ತಿಂಗಳಾದ ಮೇಲೆ ಒಂದು ಮೇಲ್: ಈ ಉದ್ಯೋಗದ ಬಗ್ಗೆ ನಮಗೆ ಅನುಮಾನವಿದೆ, ವಿವರಣೆ ಕೊಡಿ. ಕೊಡೋಕೆ ಏನಿತ್ತು? ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕೆನಡಾದ ವಲಸೆ ಕಾಯ್ದೆಯ 40ನೇ ಸೆಕ್ಷನ್ ಅಡಿಯಲ್ಲಿ ಐದು ವರ್ಷ ಬಾಗಿಲು ಮುಚ್ಚಿತು.

ಆ ಲೆಕ್ಕವನ್ನೂ ಹಾಕಿ. ಅವನಿಗೆ ಆಗ 31, ವಯಸ್ಸಿಗೆ 99 ಪಾಯಿಂಟು. ಬಾಗಿಲು ತೆರೆಯೋ ಹೊತ್ತಿಗೆ 36, 72 ಪಾಯಿಂಟು. 25 ಕದಿಯೋಕೆ ಹೋಗಿ 27 ಕಳಕೊಂಡ, ಜೊತೆಗೆ ಐದು ವರ್ಷ. ಸುಮ್ನೆ ಇನ್ನೊಂದು ವರ್ಷ ಕೆಲಸ ಮಾಡಿದ್ರೆ ಆ 25 ತಾನಾಗೇ ಬರ್ತಿತ್ತು. ಕನ್ಸಲ್ಟೆಂಟ್‌ಗೆ ಏನಾಯ್ತು? ಏನೂ ಆಗಲಿಲ್ಲ. ಅರ್ಜಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವನ ಲಾಗಿನ್‌ನಲ್ಲಿ, ಅವನ ಹೆಸರಲ್ಲಿ, ಅವನೇ ಸಹಿ ಮಾಡಿ ಕಳಿಸಿದ ಅರ್ಜಿ ಅದು. ಅವರು ಈಗಲೂ ಅದೇ ಕಚೇರಿಯಲ್ಲಿ ಇನ್ಯಾರದೋ ಕೈ ಕುಲುಕ್ತಿದ್ದಾರೆ.

ಕೆಲಸದ ಆಫರ್ ಮಾರೋರದ್ದೂ ಇದೇ ಕಥೆ. ಹಿಂದೆ ಕೆನಡಾದ ಕೆಲಸದ ಆಫರ್‌ಗೆ 50 ಪಾಯಿಂಟು ಇತ್ತು, ದೊಡ್ಡ ಹುದ್ದೆಗಳಿಗೆ 200. ಜನ ಅದನ್ನ ದುಡ್ಡಿಗೆ ಮಾರೋಕೆ, ಕೊಳ್ಳೋಕೆ ಶುರು ಮಾಡಿದ್ರಿಂದ 2025ರ ಮಾರ್ಚ್ 25ರಿಂದ ಆ ಪಾಯಿಂಟನ್ನೇ ತೆಗೆದುಹಾಕಿದ್ರು. ನಿಜವಾದ ಆಫರ್ ಇದ್ದವರದ್ದೂ ಹೋಯ್ತು. ಈಗಲೂ ಯಾರಾದ್ರೂ "ಆಫರ್ ಲೆಟರ್ ಕೊಡಿಸ್ತೀವಿ, ಪಾಯಿಂಟ್ ಏರುತ್ತೆ" ಅಂದ್ರೆ, ಇಲ್ಲದ ಅಂಗಡಿಯ ಚೀಟಿ ಮಾರ್ತಿದ್ದಾರೆ ಅಂತಲೇ ಅರ್ಥ.

ಹಾಗಂತ ಎಲ್ಲ ಕನ್ಸಲ್ಟೆಂಟರೂ ಕಳ್ಳರಾ? ಅಲ್ಲ. ಹಿಂದೆ ವೀಸಾ ತಿರಸ್ಕಾರ ಆಗಿದ್ರೆ, ಪೊಲೀಸ್ ಕೇಸ್ ಇದ್ರೆ, ವಿಚ್ಛೇದನ, ಮಕ್ಕಳ ಪಾಲನೆಯ ತೊಡಕಿದ್ರೆ ಬಲ್ಲವರ ಸಹಾಯ ಬೇಕೇ ಬೇಕು. ಆದರೆ ದುಡ್ಡು ತಗೊಂಡು ಅರ್ಜಿ ನಡೆಸೋ ಹಕ್ಕು ಕೆನಡಾದ ವಕೀಲರು, ಅಲ್ಲಿನ ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನಲ್ಲಿ ನೋಂದಾಯಿಸಿದವರು, ಇಂಥ ಕೆಲವರಿಗೆ ಮಾತ್ರ ಇದೆ. ಆ ಕಾಲೇಜಿನ ನೋಂದಣಿ ಪಟ್ಟಿ ಯಾರು ಬೇಕಾದ್ರೂ ನೋಡಬಹುದು. ಲೈಸೆನ್ಸ್ ನಂಬರ್ ಕೇಳಿ. "ನಮ್ಮ ಟೊರೊಂಟೊ ಆಫೀಸಲ್ಲಿ ಇದ್ದಾರೆ ಸರ್" ಅಂದ್ರೆ, ಅವರ ಹೆಸರನ್ನ ಅರ್ಜಿಯಲ್ಲಿ ಪ್ರತಿನಿಧಿ ಅಂತ ಹಾಕ್ತೀರಾ ಅಂತ ಕೇಳಿ. ಮಾತು ಅಲ್ಲಿಗೇ ನಿಂತ್ರೆ ನೀವೂ ಎದ್ದು ಬನ್ನಿ.

"ನಿನಗೆ ಟೈಮ್ ಇದೆ, ನಮಗೆಲ್ಲಿ?" ಅಂತ ಕೇಳ್ತಾರೆ. ಪ್ರೊಫೈಲ್ ಹಾಕೋಕೆ ಫೀಸೇ ಇಲ್ಲ. ಕೋಷ್ಟಕ ಓದೋಕೆ ಒಂದು ಸಂಜೆ. ಆ ಸಂಜೆ ಇಲ್ಲದವರು, ಹೊಸ ಊರಲ್ಲಿ ಮೈನಸ್ 20 ಡಿಗ್ರಿಯಲ್ಲಿ ಮನೆ, ಬ್ಯಾಂಕು, ಕೆಲಸ, ಮಕ್ಕಳ ಶಾಲೆ ಎಲ್ಲಾ ಒಬ್ಬರೇ ಹುಡುಕೋದು ಹೇಗೆ? ಪಾಯಿಂಟು ನಿಮ್ಮನ್ನ ವಿಮಾನ ನಿಲ್ದಾಣದ ಆಚೆ ತನಕ ಬಿಡುತ್ತೆ. ಅಲ್ಲಿಂದ ಮುಂದೆ "ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಾ?" ಅಂತ ಕೇಳೋ ಇಂಟರ್‌ವ್ಯೂಗಳು ಕಾಯ್ತಿರುತ್ವೆ. ತನ್ನ ಅರ್ಜಿ ತಾನೇ ಓದದವನು ಅಲ್ಲಿಗೆ ಹೋಗಿಯೂ ಇನ್ನೊಬ್ಬ ಕನ್ಸಲ್ಟೆಂಟನ್ನೇ ಹುಡುಕ್ತಾನೆ.

ಇನ್ನು ಕೆಲವರು ಕೇಳೋದು, "ಹೋಗೋದೇ ಯಾಕೆ? ಇಲ್ಲೇ ಇರಬಾರ್ದಾ?" ಇರಬಹುದು. ಖುಷಿಯಾಗಿ ಇರಿ. ನಾನಂತೂ ಯಾರನ್ನೂ ವಿಮಾನ ಹತ್ತಿಸೋಕೆ ಬರೀತಿಲ್ಲ. ಆದರೆ ಇಲ್ಲಿ ಇರೋದೂ ನಿಮ್ಮ ತೀರ್ಮಾನ ಆಗಿರಲಿ. ನಿಮ್ಮ ನಿಜವಾದ ನಂಬರ್ ಗೊತ್ತಿಲ್ದೇ "ಹಣೇಲಿ ಬರೆದಿಲ್ಲ" ಅಂತ ಉಳಿಯೋದು ತೀರ್ಮಾನ ಅಲ್ಲ.

ನನ್ನ ಈಗಿನ ಲೆಕ್ಕ ಹೇಳಿ ಮುಗಿಸ್ತೀನಿ. ನನಗೀಗ 31. ಲಿಸನಿಂಗ್ ಇನ್ನೊಂದ್ಸಲ ಬರೆದೆ, 8 ಬಂತು. 99, 120, 124, 25, 50. ಒಟ್ಟು 418. 29ರಲ್ಲೇ ಇದನ್ನ ಮಾಡಿದ್ರೆ 429 ಇರ್ತಿತ್ತು. ಆ 11 ಪಾಯಿಂಟನ್ನ ಯಾವ ಕನ್ಸಲ್ಟೆಂಟೂ ವಾಪಸ್ ಕೊಡಲ್ಲ, ಕಂತೂ ವಾಪಸ್ ಬರಲಿಲ್ಲ. ಶನಿವಾರ ಭಾನುವಾರ ಫ್ರೆಂಚ್ ಕ್ಲಾಸಿಗೆ ಹೋಗ್ತೀನಿ. ಕ್ಲಾಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು, ಹತ್ತು ವರ್ಷ ದೊಡ್ಡವರು ಇಬ್ಬರೂ ಇದ್ದಾರೆ. ಅವರ 'ರ' ಗಂಟಲಿನಿಂದ ಬರಬೇಕು. ನಂದು ಇನ್ನೂ ಬಸವನಗುಡಿ 'ರ'. ಬರುತ್ತೆ. ಬಂದ್ರೆ 480, ಜೊತೆಗೆ ಫ್ರೆಂಚ್ ಡ್ರಾದ ಸಾಲಿನಲ್ಲಿ ಒಂದು ಜಾಗ. ಅಷ್ಟರಲ್ಲಿ ಕೆನಡಾ ನಿಯಮ ಬದಲಾಯಿಸಿದ್ರೆ? ಬದಲಾಯಿಸಬಹುದು, ಅದು ಅವರ ದೇಶ. ಕಲಿತ ಫ್ರೆಂಚ್ ನನ್ನ ಹತ್ತಿರ ಉಳಿಯುತ್ತೆ. ಕಂತು ಕಟ್ಟಿದ್ದಕ್ಕೆ ಉಳಿದಿರೋದು ಒಂದು ರಸೀದಿ.

ಈ ಭಾನುವಾರ ನನಗೆ ಫೋನ್ ಮಾಡಬೇಡಿ. ಸರ್ಕಾರದ ವೆಬ್‌ಸೈಟಿನ ಕೋಷ್ಟಕ ತೆಗೀರಿ, ಒಂದು ಹಾಳೆ, ಒಂದು ಪೆನ್ನು ಇಟ್ಕೊಳ್ಳಿ. ಮದುವೆ ಆಗಿದ್ರೆ ಇಬ್ಬರೂ ಕೂತು ಎರಡು ಕಡೆಯಿಂದ ಹಾಕಿ. ಬಂದ ನಂಬರಿನ ಪಕ್ಕದಲ್ಲಿ ಬರೀರಿ: ಏರಿಸೋಕೆ ಏನು ಮಾಡಬೇಕು, ಮುಂದಿನ ಹುಟ್ಟುಹಬ್ಬಕ್ಕೆ ಎಷ್ಟು ತಿಂಗಳಿದೆ. ಆಮೇಲೂ ಅರ್ಥವಾಗದ ಒಂದು ಸಾಲು ಉಳಿದ್ರೆ, ಆ ಸಾಲಿನ ಬಗ್ಗೆ ಕೇಳಿ. ಖಂಡಿತ ಹೇಳ್ತೀನಿ, ದಕ್ಷಿಣೆ ಬೇಡ.